ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಹೋಳಿಗೆ ಊಟ: ಗದಗಿನ ತಂಗಿಗೆ ಉತ್ತರ

ತಂಗಿ, ನೀನು ಅಕ್ಕಾ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ಏಕವಚನದಲ್ಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು. ಗದಗಿನಿಂದ ಒಹಾಯೋಗೆ ಬಂದು ಎರಡು ತಿಂಗಳಾಗಿದೆ. ದೀಪಾವಳಿಗೆ ರಜೆ ಇಲ್ಲ. ನವೆಂಬರ್ ಕೊನೆಗೆ ಥ್ಯಾಂಕ್ಸ್‌ಗಿವಿಂಗ್‌ಗೆ ನಾಲ್ಕು ದಿನ ರಜೆ ಇದೆ, ಅಷ್ಟರಲ್ಲಿ ನಿನ್ನ ಅತ್ತೆಯೂ ಬಂದಿರುತ್ತಾರೆ. ಹಬ್ಬದ ಊಟವನ್ನು ಆಗ ಇಟ್ಟುಕೊಂಡರೆ ತಪ್ಪಾ? ಹತ್ತು ಜನಕ್ಕೆ ಹೇಗೆ ಮಾಡೋದು? ಪಕ್ಕದ ಮನೆಯ ಅಮೆರಿಕನ್ ಅಜ್ಜಿಯನ್ನೂ ಕರೆದರೆ ಟರ್ಕಿ ಕೋಳಿ ಬೇಯಿಸಲೇಬೇಕಾ?

ತಪ್ಪೇನೂ ಇಲ್ಲ. ಅಮಾವಾಸ್ಯೆ ದಿನ ಸಂಜೆ ಆಫೀಸಿನಿಂದ ಬಂದ ಮೇಲೆ ಲಕ್ಷ್ಮೀ ಪೂಜೆ ಮಾಡು, ದೀಪ ಹಚ್ಚು, ಒಂದು ಪಾಯಸ ಮಾಡು. ಪೂಜೆಯನ್ನು ಮುಂದೆ ಹಾಕಬೇಡ. ಜನರನ್ನು ಕರೆದು ಮಾಡುವ ಊಟವನ್ನು ಮಾತ್ರ ರಜೆಗೆ ಇಟ್ಟುಕೋ. ನಾವೆಲ್ಲ ಮಿಶಿಗನ್‌ನಲ್ಲಿ ಹೀಗೇ ಮಾಡುತ್ತಾ ಬಂದಿದ್ದೇವೆ. ಪಾಡ್ಯದ ದಿನ ಬಾಗಿಲಿಗೆ ಸಗಣಿಯ ಪಾಂಡವರನ್ನು ಇಡುವುದು ಅಪಾರ್ಟ್‌ಮೆಂಟಿನಲ್ಲಿ ಆಗುವುದಿಲ್ಲ, ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳಬೇಡ.

ಥ್ಯಾಂಕ್ಸ್‌ಗಿವಿಂಗ್ ಕೂಡ ಸುಗ್ಗಿಯ ಹಬ್ಬವೇ. 1621ರಲ್ಲಿ ಅಮೆರಿಕದ ಪ್ಲಿಮತ್‌ನಲ್ಲಿ ಇಂಗ್ಲೆಂಡಿನಿಂದ ಬಂದವರೂ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರೂ ಕೂಡಿ ಉಂಡ ಸುಗ್ಗಿ ಊಟದ ನೆನಪಿಗೆ ಅಂತ ಹೇಳುತ್ತಾರೆ. 1863ರಲ್ಲಿ ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು. ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ. ಇನ್ನೊಂದು ಮಾತೂ ಗೊತ್ತಿರಲಿ. ಮೂಲನಿವಾಸಿಗಳಲ್ಲಿ ಅನೇಕರಿಗೆ ಅದು ಶೋಕದ ದಿನ. ತಮ್ಮ ನೆಲ ಹೋದ ದುಃಖವನ್ನು ಅವರು ಅಂದು ನೆನೆಯುತ್ತಾರೆ. ಅದಕ್ಕೇ ಎಲ್ಲರಿಗೂ ಒಂದೇ ಸಂಭ್ರಮ ಅಂದುಕೊಂಡು ಶುಭಾಶಯ ಹೇಳುತ್ತಾ ಹೋಗಬೇಡ.

ಟರ್ಕಿ ಬೇಡ. ನಿಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ ಅಂದಮೇಲೆ ಅದೊಂದು ದಿನಕ್ಕೆ ಯಾಕೆ ಮಾಡಬೇಕು? ಕರೆಯುವಾಗಲೇ ಅಜ್ಜಿಗೆ ಹೇಳಿಬಿಡು, ನಮ್ಮದು ಸಸ್ಯಾಹಾರಿ ಊಟ, ನಮ್ಮೂರಿನ ಹಬ್ಬದ ಊಟ ಅಂತ. ಅವರಿಗೆ ಖುಷಿಯೇ ಆಗುತ್ತದೆ. ನಿಮ್ಮನ್ನು ಬೇರೆಯವರು ಕರೆದರೆ ಮಾತ್ರ ನೀನು ಕೇಳಿ ತಿನ್ನಬೇಕು. ಟರ್ಕಿಯ ಜೊತೆ ಬಡಿಸುವ ಸ್ಟಫಿಂಗ್ ನೋಡಲು ಬರೀ ಬ್ರೆಡ್ ಅನಿಸುತ್ತದೆ, ಆದರೆ ಸಾಮಾನ್ಯವಾಗಿ ಕೋಳಿ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ. ಗೆಣಸಿನ ಮೇಲೆ ಹಾಕುವ ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಾಟಿನ್ ಇರುತ್ತದೆ. ಕೆಲವು ಪೈಗಳಲ್ಲಿ ಹಂದಿ ಕೊಬ್ಬು ಇರುತ್ತದೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಊಟದ ಮಾತು. ನಾನು ಒಂದೇ ಒಂದು ಹಟ ಹಿಡಿಯುತ್ತೇನೆ. ಅಡುಗೆ ಮಾಡಿದವಳು ಮೊದಲನೇ ಪಂಕ್ತಿಯಲ್ಲೇ ಕೂತು ಉಣ್ಣಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಒಲೆ ಮುಂದೆ ನಿಂತು ಬಿಸಿ ಬಿಸಿ ಹೋಳಿಗೆ ಬಡಿಸಿ, ಕೊನೆಗೆ ಆರಿದ ಅನ್ನ ಉಣ್ಣುವುದನ್ನು ನೀನೂ ನೋಡಿದ್ದೀಯ, ನಾನೂ ನೋಡಿದ್ದೇನೆ. ಆ ರೂಢಿಯನ್ನು ಸಮುದ್ರ ದಾಟಿಸಿ ಒಯ್ಯುವುದು ಬೇಡ. ಅಲ್ಲಿ ನಿನಗೆ ಕೈಜೋಡಿಸಲು ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಅಂತ ಹತ್ತು ಕೈಗಳಿಲ್ಲ. ಏನು ಮಾಡಬೇಕು, ಏನು ಬಿಡಬೇಕು ಅನ್ನುವುದನ್ನು ಈ ಒಂದು ಮಾತಿನಿಂದಲೇ ತೀರ್ಮಾನಿಸು.

ಹಾಗೆ ನೋಡಿದರೆ ಮಿರ್ಚಿ ಭಜಿ ಆವತ್ತು ಬೇಡ. ಗದಗಿನವಳಿಗೆ ಮಿರ್ಚಿ ಬಿಡು ಅನ್ನುವುದು ಕಷ್ಟ, ನನಗೆ ಗೊತ್ತು. ಆದರೆ ಎಣ್ಣೆ ಮುಂದೆ ಒಬ್ಬರು ನಿಂತೇ ಇರಬೇಕಾಗುತ್ತದೆ. ಜೋಳದ ರೊಟ್ಟಿಯೂ ಆವತ್ತು ಬಡಿಯಬೇಡ. ಅಲ್ಲಿ ಸಿಗುವ ಜೋಳದ ಹಿಟ್ಟು ಎಷ್ಟೋ ಸಲ ಹಳೆಯದಾಗಿರುತ್ತದೆ, ಕುದಿಯುವ ನೀರು ಹಾಕಿ ನಾದಿದರೂ ಜಿಗಿ ಬರುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಅತ್ತೆಗೆ ಖಡಕ್ ರೊಟ್ಟಿ ತರಲು ಹೇಳು. ಚೆನ್ನಾಗಿ ಕಟ್ಟಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ನಾನು ಈಗ ದಸರೆಗೆ ಅಂತ ಧಾರವಾಡಕ್ಕೆ ಬಂದಿದ್ದೇನೆ. ನಿನ್ನೆ ಹುಬ್ಬಳ್ಳಿಯ ದುರ್ಗದ ಬೈಲು ಪೇಟೆಗೆ ಹೋಗಿ ನನ್ನ ಸಾಮಾನು ಕಟ್ಟಿಸಿಕೊಂಡು ಬಂದೆ. ನಿನ್ನ ಅತ್ತೆ ತರಬೇಕಾದ್ದು ಬ್ಯಾಡಗಿ ಖಾರದ ಪುಡಿ, ಮಸಾಲೆ ಖಾರ, ಗುರೆಳ್ಳು ಪುಡಿ, ಅಗಸಿ ಪುಡಿ, ರೊಟ್ಟಿ. ಇಷ್ಟು ಸಾಕು. ಬೇಳೆ, ಬೆಲ್ಲ, ಅಕ್ಕಿ, ತುಪ್ಪ ಎಲ್ಲ ಅಲ್ಲೇ ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಬೇಡವೇ ಬೇಡ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಆಹಾರ ಪದಾರ್ಥ ತಂದಿದ್ದೀರಾ ಅಂತ ಕೇಳಿದಾಗ ಹೌದು ಅಂತಲೇ ಹೇಳಬೇಕು. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಅತ್ತೆಗೆ ಇದನ್ನು ಮೊದಲೇ ತಿಳಿಸಿ ಹೇಳು, ಹಿರಿಯರು ಗಾಬರಿಯಲ್ಲಿ ಇಲ್ಲ ಅಂದುಬಿಡುತ್ತಾರೆ.

ನನ್ನ ಊಟದ ಪಟ್ಟಿ ಹೀಗೆ: ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಕೋಸಂಬರಿ, ಅನ್ನ, ಮೊಸರು, ಖಡಕ್ ರೊಟ್ಟಿ, ಚಟ್ನಿ ಪುಡಿ. ಜೊತೆಗೆ ಕುಂಬಳಕಾಯಿ ಗಾರಿಗೆ. ಗಾರಿಗೆ ಯಾಕೆ ಅಂದರೆ ಆ ತಿಂಗಳು ಅಮೆರಿಕದಲ್ಲಿ ಎಲ್ಲಿ ನೋಡಿದರೂ ಕುಂಬಳಕಾಯಿ. ಅಜ್ಜಿ ಕುಂಬಳಕಾಯಿ ಪೈ ತಿಂದು ಬೆಳೆದವರು, ಕುಂಬಳಕಾಯಿಯ ಸಿಹಿ ಅವರಿಗೆ ಹೊಸದಲ್ಲ. ಕುಂಬಳ, ಗೆಣಸು, ಗೋವಿನಜೋಳ, ಶೇಂಗಾ, ಮೆಣಸಿನಕಾಯಿ, ಇವೆಲ್ಲ ಅಮೆರಿಕ ಖಂಡದಿಂದಲೇ ಹೊರಟು ಜಗತ್ತಿಗೆ ಹರಡಿದವು. ಮೆಣಸಿನಕಾಯಿಯನ್ನು ನಮ್ಮಲ್ಲಿಗೆ ತಂದವರು ಪೋರ್ಚುಗೀಸರು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿತು, ಅಷ್ಟು ನಮ್ಮದಾಗಿದೆ, ಆದರೆ ಅದರ ಹಿರೀಕರು ಆ ನೆಲದವರು. ಊಟದ ಹೊತ್ತಿಗೆ ಅಜ್ಜಿಗೆ ಇದನ್ನು ಹೇಳು. ಮಾತು ತಾನಾಗೇ ಬೆಳೆಯುತ್ತದೆ.

ಗಾರಿಗೆಗೆ ಹ್ಯಾಲೋವೀನ್‌ಗೆ ಕೆತ್ತುವ ದೊಡ್ಡ ಕುಂಬಳ ತರಬೇಡ, ಬರೀ ನೀರು, ರುಚಿ ಇಲ್ಲ. ಬಟರ್‌ನಟ್ ಅಥವಾ ಕಬೋಚಾ ಅನ್ನುವ ಜಾತಿಯ ಕುಂಬಳ ತಗೋ. ಡಬ್ಬಿಯಲ್ಲಿ ಬರುವ ಕುಂಬಳದ ಮೇಲೆ ಪೈ ಫಿಲ್ಲಿಂಗ್ ಅಂತ ಬರೆದಿದ್ದರೆ ಅದರಲ್ಲಿ ಆಗಲೇ ಸಕ್ಕರೆ, ದಾಲ್ಚಿನ್ನಿ ಸೇರಿರುತ್ತದೆ, ಅದು ಬೇಡ. ಎರಡು ಕಪ್ ತುರಿಗೆ ಒಂದು ಕಪ್ ಬೆಲ್ಲ ಹಾಕಿ, ನೀರು ಆರುವವರೆಗೆ ಬೇಯಿಸು. ಬಿಸಿ ಆರಿದ ಮೇಲೆ ಏಲಕ್ಕಿ, ಸ್ವಲ್ಪ ಚಿರೋಟಿ ರವೆ, ಹಿಡಿದಷ್ಟು ಗೋಧಿ ಹಿಟ್ಟು ಹಾಕಿ ಗಟ್ಟಿಯಾಗಿ ಕಲಸು. ನೀರು ಮುಟ್ಟಿಸಬೇಡ. ತಟ್ಟಿ, ಸಣ್ಣ ಉರಿಗಿಂತ ತುಸು ಜಾಸ್ತಿ ಉರಿಯಲ್ಲಿ ಕರಿ. ಬುಧವಾರವೇ ಕರಿದಿಟ್ಟರೆ ಗುರುವಾರಕ್ಕೆ ಇನ್ನೂ ರುಚಿ.

ಹೋಳಿಗೆಗೆ ಎರಡು ಕಪ್ ಕಡಲೆಬೇಳೆ, ಅಷ್ಟೇ ಬೆಲ್ಲ. ಇಪ್ಪತ್ತರ ಮೇಲೆ ಹೋಳಿಗೆ ಆಗುತ್ತವೆ. ಹೂರಣವನ್ನು ಮಂಗಳವಾರ ರುಬ್ಬಿ ಫ್ರಿಜ್‌ನಲ್ಲಿಡು. ಬೇಳೆ ಬಸಿದ ಕಟ್ಟನ್ನೂ ಮುಚ್ಚಿ ಫ್ರಿಜ್‌ನಲ್ಲಿಡು, ಗುರುವಾರ ಬೆಳಿಗ್ಗೆ ಸಾರಾಗುತ್ತದೆ. ಹೋಳಿಗೆಯನ್ನು ಬುಧವಾರ ರಾತ್ರಿಯೇ ಬೇಯಿಸಿಬಿಡು. ಊಟಕ್ಕೆ ಮುಂಚೆ ಹಂಚಿನ ಮೇಲೆ ಒಮ್ಮೆ ತಿರುವಿ, ಫಾಯಿಲ್‌ನಲ್ಲಿ ಸುತ್ತಿ, 170 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟ ಓವನ್ನಿನಲ್ಲಿಡು. ಹಂಚಿನಿಂದ ಎಲೆಗೆ ಬಿದ್ದರೇ ಹೋಳಿಗೆ ಅನ್ನುವವರ ಮಾತು ಕೇಳಬೇಡ. ಬೆಚ್ಚಗಿನ ಹೋಳಿಗೆಗೆ ತುಪ್ಪ ಹಾಕಿದರೆ ಏನೂ ಕಡಿಮೆ ಆಗುವುದಿಲ್ಲ, ನೀನೂ ಎಲ್ಲರ ಜೊತೆ ಕೂತಿರುತ್ತೀಯ.

ಹೋಳಿಗೆ ಬೇಯಿಸುವಾಗ ಹೊಗೆ ಅಲಾರಾಂ ಕೂಗಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನ ಒಲೆ ಮೇಲಿನ ಫ್ಯಾನ್ ಎಷ್ಟೋ ಕಡೆ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಅಡುಗೆಮನೆಯಲ್ಲೇ ತಿರುಗಿಸುತ್ತದೆ. ಮೊದಲೇ ಕಿಟಕಿ ತೆಗೆದಿಡು. ಬ್ಯಾಟರಿ ಮಾತ್ರ ಕೀಳಬೇಡ.

ಎಣ್ಣೆಗಾಯಿಗೆ ಎರಡು ಪೌಂಡಿಗಿಂತ ಸ್ವಲ್ಪ ಜಾಸ್ತಿ ಸಣ್ಣ ಬದನೆಕಾಯಿ ಬೇಕು. ಹಿಂದಿನ ಶನಿವಾರವೇ ತಂದಿಡು, ಗುರುವಾರ ದೊಡ್ಡ ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ. ಇಲ್ಲಿ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಟ್ಟುಕೋ. ನಮ್ಮ ಅಡುಗೆ ತುಂಬಾ ಶೇಂಗಾ. ಎಣ್ಣೆಗಾಯಿಯಲ್ಲಿ ಶೇಂಗಾ, ಚಟ್ನಿಯಲ್ಲಿ ಶೇಂಗಾ, ಪಲ್ಯದಲ್ಲೂ ಶೇಂಗಾ ಪುಡಿ. ಅಲ್ಲಿ ಶೇಂಗಾ ಅಲರ್ಜಿ ಇರುವ ಮಕ್ಕಳು ಬೇಕಾದಷ್ಟಿದ್ದಾರೆ, ಒಂದು ಚೂರು ಹೋದರೂ ಕೆಲವರಿಗೆ ಉಸಿರು ಕಟ್ಟುತ್ತದೆ. ಎಳ್ಳು ಆಗದವರೂ ಇದ್ದಾರೆ. ಅಲ್ಲಿನ ಸರ್ಕಾರ 2023ರಿಂದ ಎಳ್ಳನ್ನೂ ಮುಖ್ಯ ಅಲರ್ಜಿ ಪಟ್ಟಿಗೆ ಸೇರಿಸಿದೆ. ಕರೆಯುವಾಗಲೇ ಪ್ರತಿ ಮನೆಯವರನ್ನೂ ಕೇಳು. ಒಬ್ಬರಿಗೆ ಶೇಂಗಾ ಆಗುವುದಿಲ್ಲ ಅಂದರೂ ಆ ದಿನ ಮನೆಯಲ್ಲಿ ಶೇಂಗಾ ಡಬ್ಬಿ ತೆಗೆಯಬೇಡ. ಒಣ ಕೊಬ್ಬರಿ, ಪುಟಾಣಿ (ಹುರಿಗಡಲೆ) ಹುರಿದು ತುಂಬಿದರೂ ಎಣ್ಣೆಗಾಯಿ ಚೆನ್ನಾಗೇ ಆಗುತ್ತದೆ. ಅಂಗಡಿಯಿಂದ ತಂದ ಚಟ್ನಿ ಪುಡಿಗಳನ್ನೂ ಆಗ ಹೊರಗೆ ಇಡಬೇಡ, ಒಂದೇ ಗಿರಣಿಯಲ್ಲಿ ಎಲ್ಲ ಪುಡಿ ಮಾಡಿರುತ್ತಾರೆ.

ಗುರುವಾರ ಬೆಳಿಗ್ಗೆ ಉಳಿಯುವುದು ಸಾರು, ಎಣ್ಣೆಗಾಯಿ, ಪಲ್ಯ, ಅನ್ನ. ನಾಲ್ಕು ಒಲೆಗೆ ನಾಲ್ಕು. ಕೋಸಂಬರಿ ನಿನ್ನ ಮನೆಯವರ ಪಾಲಿಗಿರಲಿ, ಪಾತ್ರೆ ತೊಳೆಯುವುದೂ ಅವರದೇ. ಅತ್ತೆಯನ್ನು ರುಚಿ ನೋಡಲು ಕೂರಿಸು. ಉಪ್ಪು ಖಾರದ ಲೆಕ್ಕ ಅವರ ನಾಲಿಗೆಯಲ್ಲಿದೆ, ಬಂದ ಹೊಸತರಲ್ಲಿ ಅವರಿಗೂ ಒಂದು ಕೆಲಸ ಬೇಕು. ಅಜ್ಜಿಗೆ ಅಂತ ಖಾರ ಕಡಿಮೆ ಮಾಡಬೇಡ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಪಕ್ಕದಲ್ಲಿ ಮೊಸರು ಇಟ್ಟರೆ ಆಯಿತು.

ಊಟ ಆದ ಮೇಲೆ ಮಾತಿಗೆ ಕೂತು ಪಾತ್ರೆಗಳನ್ನು ಹಾಗೇ ಬಿಡುವುದು ಎಲ್ಲರ ಅಭ್ಯಾಸ. ಎರಡು ಗಂಟೆಯೊಳಗೆ ಅನ್ನ, ಸಾರು, ಪಲ್ಯ ಫ್ರಿಜ್ ಸೇರಬೇಕು. ಹೊರಗೆ ಚಳಿ ಇದೆ ಅಂತ ಬಾಲ್ಕನಿಯಲ್ಲಿ ಇಡಬೇಡ, ಮಧ್ಯಾಹ್ನ ಬಿಸಿಲು ಬಂದರೆ ಕೆಡುತ್ತದೆ. ಮುಚ್ಚಳದ ಡಬ್ಬಿಗಳನ್ನು ಮೊದಲೇ ತಂದಿಟ್ಟುಕೊಂಡು ಬಂದವರಿಗೆಲ್ಲ ಎರಡೆರಡು ಹೋಳಿಗೆ ಕಟ್ಟಿಕೊಡು. ಅಜ್ಜಿಯ ಡಬ್ಬಿಗೆ ಗಾರಿಗೆಯೂ ಇರಲಿ.

ಹೂರಣ ಸಡಿಲಾದರೆ ಏನು ಮಾಡಲಿ ಅಂತ ಕೊನೆಗೆ ಕೇಳಿದ್ದೀಯ. ಅಗಲ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರು. ಸೌಟು ನೆಟ್ಟಗೆ ನಿಂತರೆ ಹದ ಬಂತು. ಹಿಟ್ಟು ಸೇರಿಸಿ ಗಟ್ಟಿ ಮಾಡಲು ಹೋಗಬೇಡ, ರುಚಿ ಹೋಗುತ್ತದೆ. ಬೇರೆ ಏನಾದರೂ ಬೇಕಿದ್ದರೆ ಬೇಗ ಬರೆ. ಈ ತಿಂಗಳ ಕೊನೆಯವರೆಗೆ ನಾನು ಧಾರವಾಡದಲ್ಲೇ ಇರುತ್ತೇನೆ, ನಮ್ಮ ಅವ್ವನನ್ನೂ ಕೇಳಿ ಹೇಳಬಹುದು.