ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನೆ ಕುಳಿತರೆ ತಪ್ಪೇ?

ಸರ್ಕಾರಿ ಕಚೇರಿಯ ಸಭೆ ಪ್ರಾರ್ಥನೆಯಿಂದ ಶುರುವಾಗುತ್ತದೆ, ನಂಬಿಕೆಯಿಲ್ಲದ ನಾನು ಎದ್ದು ಹೊರಗೆ ಹೋಗಲೇ ಎಂದು ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಅದು ನಿಮ್ಮ ಕಚೇರಿಯೂ ಹೌದು. ನಾನೂ ವರ್ಷಗಟ್ಟಲೆ ಹಾಗೆ ಕುಳಿತವನು. ಎಲ್ಲರೂ ಕಣ್ಣು ಮುಚ್ಚಿದಾಗ ಕಡತದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಯಾರಾದರೂ ನೋಡಿಬಿಟ್ಟಾರೆಂದು ಅಳುಕುತ್ತಿದ್ದೆ. ಆ ಅಳುಕು ಯಾರಿಗೂ ಬೇಡ.

ಸಹೋದ್ಯೋಗಿ ತನ್ನ ಮೇಜಿನ ಬಳಿ ಪ್ರಾರ್ಥಿಸಿದರೆ ಅದು ಅವರ ಹಕ್ಕು. ಅಧಿಕಾರಿಯೇ ಸಭೆಯಲ್ಲಿ ಮಾಡಿಸಿದರೆ ಮಾತು ಬೇರೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಹೇಳುತ್ತದೆ. ಯಾವ ಧರ್ಮವನ್ನೂ ಅನುಸರಿಸದಿರುವ ಹಕ್ಕಿಗೂ ರಕ್ಷಣೆಯಿದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಸ್ಪಷ್ಟಪಡಿಸಿದೆ. ಮೊದಲು ಅಧಿಕಾರಿಯೊಡನೆ ಒಬ್ಬರೇ ಮಾತನಾಡಿ: ಇಷ್ಟವಿರುವವರು ಸಭೆಗೆ ಐದು ನಿಮಿಷ ಮುಂಚೆ ಸೇರಿ ಪ್ರಾರ್ಥಿಸಲಿ ಎಂದು ಕೇಳಿ. ಒಪ್ಪದಿದ್ದರೆ ಅದನ್ನೇ ಬರೆದು ಕೊಡಿ, ಅದರ ಒಂದು ನಕಲನ್ನು ಇಟ್ಟುಕೊಳ್ಳಿ.