ಹಿಮದ ರಜೆಯಲ್ಲಿ ಮಗು ಯಾರ ಕೈಲಿ?

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ. ಮಗಳಿಗೆ ಎರಡು ವರ್ಷ ಎರಡು ತಿಂಗಳು. ಗಂಡನ ಆಫೀಸಿನ ಇನ್ನೆರಡು ಕುಟುಂಬಗಳ ಜೊತೆ ಫೆಬ್ರವರಿಯಲ್ಲಿ ಆರು ದಿನ ಆಸ್ಟ್ರಿಯಾದ ಟಿರೋಲ್‌ಗೆ ಸ್ಕೀಯಿಂಗ್ ಹೋಗೋಣ ಅಂತ ಮಾತಾಗಿದೆ. ಅವರ ಮಕ್ಕಳು ಶಾಲೆಗೆ ಹೋಗುವವರು. ಹಾಗಾಗಿ ಇಲ್ಲಿನ ಶಾಲೆಗಳಿಗೆ ಕೊಡುವ ಫಾಶಿಂಗ್ ರಜೆಯ ವಾರವೇ ಆಗಬೇಕಂತೆ. ಗಂಡನಿಗೆ ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ. ನಾನು ಒಂದೆರಡು ದಿನ ಕಲಿತಿದ್ದೆ, ಅಷ್ಟರಲ್ಲಿ ಬಸುರಿಯಾದೆ, ಅಲ್ಲಿಗೆ ನಿಂತಿತು. ಈ ಸಲ ಕಲಿಯಲೇಬೇಕು ಅಂತ ಆಸೆ. ಜನವರಿ ಕೊನೆಗೆ ಅಮ್ಮ ಊರಿಂದ ಬರುತ್ತಾರೆ. "ನಿಮ್ಮಮ್ಮ ರೂಮಲ್ಲಿ ನೋಡ್ಕೊಳ್ತಾರಲ್ಲ, ಇನ್ನೇನು ಚಿಂತೆ" ಅನ್ನುತ್ತಾರೆ ಗಂಡ. ಅಮ್ಮ ಹೂಂ ಅಂದಿದ್ದಾರೆ. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಹೋಟೆಲಿನ ಶಿಶುಪಾಲನೆಗೆ ಬಿಡೋಣ ಅಂದರೆ ಮಗಳು ಹೊಸಬರ ಹತ್ತಿರ ಒಂದು ನಿಮಿಷ ಇರುವುದಿಲ್ಲ. ಅತ್ತೆ ಫೋನಿನಲ್ಲಿ "ಅಂಥಾ ಚಳಿಗೆ ಕೂಸನ್ನ ಯಾರಾದ್ರೂ ಕರ್ಕೊಂಡ್ ಹೋಗ್ತಾರಾ? ಒಂದೆರಡು ವರ್ಷ ಆಸೆ ತಡ್ಕೊಳ್ಳೋಕೆ ಆಗಲ್ವಾ?" ಅಂದರು. ನಾನು ಸ್ವಾರ್ಥಿಯಾ? ಅಂದ ಹಾಗೆ, ಮಗಳಿಗೂ ಒಂದು ಜೊತೆ ಸ್ಕೀ ಕೊಳ್ಳಬೇಕಾ?
ಹೆಸರು ಬೇಡ, ಮ್ಯೂನಿಕ್

ಉತ್ತರ: ನೀವು ಸ್ವಾರ್ಥಿಯಲ್ಲ. ಹೋಗಿ ಬನ್ನಿ. ಆದರೆ ಈಗ ಮಾತಾಗಿರುವ ಹಾಗೆ ಬೇಡ.

ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ. ಗೆಳೆಯರ ಮಕ್ಕಳ ಶಾಲೆ ರಜೆ ಇದೆ, ಗಂಡನ ಲೆಕ್ಕಾಚಾರ ಇದೆ, ಅತ್ತೆಯ ಬೈಗುಳ ಇದೆ. ಯಾವ ಹೊತ್ತಿನಲ್ಲಿ ಮಗು ಯಾರ ಕೈಲಿರುತ್ತದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ನಿಮ್ಮ ಕಸಿವಿಸಿ ಅಲ್ಲಿಂದಲೇ ಹುಟ್ಟಿದೆ ಅನ್ನಿಸುತ್ತದೆ. ಅದನ್ನು ಗಡಿಯಾರ ಮುಂದಿಟ್ಟುಕೊಂಡೇ ಮಾತಾಡಬೇಕು.

ಮಾತಾಡೋಣ. ಟಿರೋಲ್‌ನಲ್ಲಿ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು ಸಾಮಾನ್ಯವಾಗಿ ಬೆಳಿಗ್ಗೆ ಎಂಟೂವರೆ ಸುಮಾರಿಗೆ ಶುರುವಾಗಿ ಸಂಜೆ ನಾಲ್ಕರ ಹೊತ್ತಿಗೆ ನಿಲ್ಲುತ್ತವೆ. ಹೊಸಬರ ಗ್ರೂಪ್ ಕ್ಲಾಸು ಹೆಚ್ಚಿನ ಕಡೆ 10ರಿಂದ 12, ಮತ್ತೆ ಮಧ್ಯಾಹ್ನ 1ರಿಂದ 3. ಆ ಬಿಗಿ ಬೂಟಿನೊಳಗೆ ಕಾಲು ತುರುಕಿ, ಸ್ಕೀ ಹೊತ್ತುಕೊಂಡು ಬಸ್ಸು ಹಿಡಿದು, ಗೊಂಡೊಲಾ (ತಂತಿಯ ಮೇಲೆ ಹೋಗುವ ಪುಟ್ಟ ಡಬ್ಬಿ) ಹತ್ತಿ ಮೇಲೆ ಹೋಗಬೇಕು ಅಂದರೆ ನೀವು ಒಂಬತ್ತಕ್ಕೇ ಹೊರಡಬೇಕು. ವಾಪಸ್ ಬರುವುದು ಮೂರೂವರೆಗೆ. ಗಂಡ ಇನ್ನೂ ತಡ, ಯಾಕಂದರೆ ಅವರ ಗುಂಪು ಬೆಟ್ಟದ ಮೇಲಿನ ಗುಡಿಸಲು ಹೋಟೆಲಿನಲ್ಲಿ ಕೂತು ಬಿಯರ್ ಕುಡಿದೇ ಇಳಿಯುವುದು. ಅಂದರೆ ದಿನಕ್ಕೆ ಆರೂವರೆ ಗಂಟೆ, ಊಟ, ನಿದ್ದೆ, ಡೈಪರ್, ಅಳು ಎಲ್ಲ ಅಮ್ಮನ ಪಾಲು. ಆರು ದಿನ ಹೀಗೇ. "ಅಮ್ಮ ನೋಡ್ಕೊಳ್ತಾರೆ" ಅನ್ನುವ ಎರಡು ಮಾತಿನೊಳಗೆ ಸುಮಾರು ನಲವತ್ತು ಗಂಟೆ ಕೆಲಸ ಕೂತಿದೆ.

ಅಮ್ಮ ಹೂಂ ಅಂದಿದ್ದಾರೆ, ನಿಜ. ಮಗಳ ಮನೆಗೆ ಬರುವ ಅಮ್ಮ ಇನ್ನೇನು ಅಂದಾರು? ಆದರೆ ಯಾವುದಕ್ಕೆ ಹೂಂ ಅಂದೆ ಅಂತ ಅವರಿಗೇ ಗೊತ್ತಿರಲಿಕ್ಕಿಲ್ಲ. ಅವರ ಮನಸ್ಸಿನಲ್ಲಿರುವುದು ದಾವಣಗೆರೆಯ ಮನೆ: ಕೂಗಿದರೆ ಪಕ್ಕದ ಮನೆಯವರು ಬರುತ್ತಾರೆ, ಮಗು ಹಟ ಮಾಡಿದರೆ ಬಾಗಿಲಾಚೆ ಕರೆದುಕೊಂಡು ಹೋಗಿ ಹಸು ತೋರಿಸಬಹುದು. ಟಿರೋಲ್‌ನ ಹಳ್ಳಿಯಲ್ಲಿ ಬಾಗಿಲಾಚೆ ಕಾಲಿಟ್ಟರೆ ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಮಂಜುಗಡ್ಡೆ. ಎರಡು ವರ್ಷದ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಅದರ ಮೇಲೆ ನಡೆಯುವ ಅಭ್ಯಾಸ ಅವರಿಗಿಲ್ಲ. ಜಾರಿದರೆ ಮಣಿಕಟ್ಟೋ ಸೊಂಟವೋ ಮುರಿಯುತ್ತದೆ. ಬಾಗಿಲಿನದೂ ಒಂದು ಕಥೆ. ಅಲ್ಲಿನ ಬಾಗಿಲು ಎಳೆದುಕೊಂಡರೆ ತಾನೇ ಲಾಕ್ ಆಗುತ್ತದೆ. ಕೀಲಿ ಒಳಗೆ, ಅಜ್ಜಿ ಮೊಮ್ಮಗಳು ಹೊರಗೆ, ಕಾಲಲ್ಲಿ ಹವಾಯಿ ಚಪ್ಪಲಿ. ನಗು ಬರಬಹುದು, ಆದರೆ ಮೈನಸ್ ಎಂಟು ಡಿಗ್ರಿಯಲ್ಲಿ ನಗು ಬರುವುದಿಲ್ಲ.

ಹಾಗಾದರೆ ಅಮ್ಮ ಬರುವುದೇ ಬೇಡವಾ? ಖಂಡಿತ ಬರಲಿ. ಆಯಾ ಆಗಿ ಬೇಡ, ಅತಿಥಿಯಾಗಿ ಬರಲಿ. ಅವರನ್ನು ಮತ್ತೊಮ್ಮೆ ಕೇಳಿ, ಈ ಸಲ ಲೆಕ್ಕ ಕೊಟ್ಟು ಕೇಳಿ. "ಅಮ್ಮಾ, ದಿನಕ್ಕೆ ಎರಡು ಗಂಟೆ, ಅವಳು ಮಧ್ಯಾಹ್ನ ಮಲಗುವ ಹೊತ್ತಿಗೆ ಮಾತ್ರ. ಅದೂ ಮೂರು ದಿನ. ಆಗುತ್ತಾ?" ಈ ಪ್ರಶ್ನೆಗೆ ಅವರು ಇಲ್ಲ ಅನ್ನಬಹುದು, ಅದಕ್ಕೇ ಇದು ಸರಿಯಾದ ಪ್ರಶ್ನೆ. ಹೂಂ ಅಂದರೆ ಬೂಟಿಗೆ ಹಾಕಿಕೊಳ್ಳುವ ರಬ್ಬರಿನ ಮುಳ್ಳಿನ ಪಟ್ಟಿ ಕೊಡಿಸಿ, 112 ಎಮರ್ಜೆನ್ಸಿ ನಂಬರ್ ಅಂತ ಫೋನಿನಲ್ಲಿ ಹಾಕಿಕೊಡಿ, ಮನೆ ವಿಳಾಸವನ್ನು ಕನ್ನಡದಲ್ಲೇ ಬರೆದು ಗೋಡೆಗೆ ಅಂಟಿಸಿ. ಒಂದು ದಿನ ಅವರಿಗಾಗಿಯೇ ಇಡಿ. ಸ್ಕೀ ಮಾಡದವರಿಗೂ ಗೊಂಡೊಲಾ ಟಿಕೆಟ್ ಸಿಗುತ್ತದೆ, ಮೇಲೆ ನಡೆಯುವವರಿಗಂತಲೇ ಸಮ ಮಾಡಿದ ಹಾದಿಗಳಿರುತ್ತವೆ.

ಊಟದ ವಿಷಯ ಕೂಡ ಈಗಲೇ ಯೋಚಿಸಿ. ಅಮ್ಮ ಮೊಟ್ಟೆ ತಿನ್ನದವರಾದರೆ ಹೋಟೆಲಿನ ಹಾಫ್ ಬೋರ್ಡ್ (ಬೆಳಗಿನ ತಿಂಡಿ, ರಾತ್ರಿ ಊಟ ಸೇರಿದ ವ್ಯವಸ್ಥೆ) ಅವರಿಗೆ ಶಿಕ್ಷೆ. ಅಲ್ಲಿ ಸಸ್ಯಾಹಾರ ಅಂತ ಕೊಡುವ ಸ್ಪೆಟ್ಸ್‌ಲೆ ಅನ್ನುವ ನೂಡಲ್ಸಿನಲ್ಲೂ ಮೊಟ್ಟೆ, ಕೈಸರ್‌ಶ್ಮಾರ್ನ್ ಅನ್ನುವ ಸಿಹಿ ಪ್ಯಾನ್‌ಕೇಕಿನಲ್ಲೂ ಮೊಟ್ಟೆ. ಅಡುಗೆಮನೆ ಇರುವ ಫೆರಿಯೆನ್‌ವೋನುಂಗ್, ಅಂದರೆ ರಜೆಗೆ ಬಾಡಿಗೆ ಕೊಡುವ ಮನೆ, ತಗೊಳ್ಳಿ. ಒಂದು ಸಣ್ಣ ಕುಕ್ಕರ್, ಅಕ್ಕಿ, ಬೇಳೆ, ಸಾರಿನ ಪುಡಿ ಕಾರಿನಲ್ಲಿ ಹೋಗುವವರಿಗೆ ಭಾರವಲ್ಲ. ಮಗುವಿಗೂ ಮಧ್ಯಾಹ್ನ ಗೊತ್ತಿರುವ ಅನ್ನವೇ ಸಿಗುತ್ತದೆ.

ಈಗ ಗಂಡನ ವಿಷಯ. ಅವರು ಕೆಟ್ಟವರಲ್ಲ, ಉತ್ಸಾಹ ಜಾಸ್ತಿ ಅಷ್ಟೆ. ಇಬ್ಬರೂ ಒಟ್ಟಿಗೆ ಇಡೀ ದಿನ ಸ್ಕೀ ಮಾಡುವ ಕನಸನ್ನು ಈ ವರ್ಷದ ಮಟ್ಟಿಗೆ ಬಿಡಿ. ಪಾಳಿ ಮಾಡಿಕೊಳ್ಳಿ. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು. ಸಣ್ಣ ಮಕ್ಕಳ ಅಪ್ಪ ಅಮ್ಮ ಒಂದೇ ಲಿಫ್ಟ್ ಪಾಸನ್ನು ಬದಲಾಯಿಸಿಕೊಂಡು ಬಳಸುವ ಸೌಲಭ್ಯ ಕೆಲವು ಸ್ಕೀ ಪ್ರದೇಶಗಳಲ್ಲಿ ಇರುತ್ತದೆ. ಕೌಂಟರಿನಲ್ಲಿ ಕೇಳಿದರೆ ಮಾತ್ರ ಹೇಳುತ್ತಾರೆ.

ಆದರೆ ಪಾಳಿಯಲ್ಲೂ ಒಂದು ಮೋಸ ಇದೆ. ಚೆನ್ನಾಗಿ ಬರುವವರು "ನಾನು ಬೆಳಿಗ್ಗೆ ಬೇಗ ಹೋಗಿ ಬಂದುಬಿಡ್ತೀನಿ, ನೀನು ಮಧ್ಯಾಹ್ನ ಆರಾಮಾಗಿ ಹೋಗು" ಅನ್ನುತ್ತಾರೆ. ಕೇಳಲು ಉದಾರವಾಗಿದೆ. ಬೆಳಿಗ್ಗೆ ಹಿಮ ಗೆರೆ ಎಳೆದ ಹಾಗೆ ಹದವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನೂರಾರು ಜನ ಓಡಾಡಿ ಗುಡ್ಡೆ ಗುಡ್ಡೆ ಆಗಿರುತ್ತದೆ, ಬಿಸಿಲು ಬಂದರೆ ಕೆಸರಿನಂತಾಗುತ್ತದೆ. ಅದರಲ್ಲಿ ತಿರುಗುವುದು ಬಲ್ಲವರಿಗೆ ಆಟ, ಕಲಿಯುವವರಿಗೆ ಮೊಣಕಾಲು ನೋವು. ಆದ್ದರಿಂದ ಬೆಳಗಿನ ಪಾಳಿ ನಿಮಗೆ. ಮೊದಲ ಮೂರು ದಿನ ಬಿಟ್ಟುಕೊಡಬೇಡಿ. ನಾಲ್ಕು ಗಂಟೆಯ ಗ್ರೂಪ್ ಕ್ಲಾಸಿನ ಬದಲು ಎರಡು ಗಂಟೆಯ ಪ್ರೈವೇಟ್ ಪಾಠ ತಗೊಳ್ಳಿ. ದುಬಾರಿ, ಆದರೆ ನಿಮ್ಮ ಪಾಳಿಗೆ ಸರಿಯಾಗಿ ಕೂರುತ್ತದೆ. ಮೊದಲೆರಡು ದಿನ ನಿಮಗೆ ಬೇಕಾಗಿರುವುದು ನಿಂತವರನ್ನು ಮೇಲಕ್ಕೆ ಒಯ್ಯುವ ಮ್ಯಾಜಿಕ್ ಕಾರ್ಪೆಟ್ ಅನ್ನುವ ಬೆಲ್ಟು ಮತ್ತು ಪುಟ್ಟ ಇಳಿಜಾರು ಮಾತ್ರ, ಇಡೀ ಬೆಟ್ಟದ ಪಾಸಿಗೆ ದುಡ್ಡು ಸುರಿಯಬೇಡಿ. ಮಧ್ಯಾಹ್ನ ಮಗು ಮಲಗಿದಾಗ ಅಮ್ಮನ ಎರಡು ಗಂಟೆ ಇರುತ್ತದಲ್ಲ, ಆಗ ಇಬ್ಬರೂ ಸೇರಿ ಒಂದು ನೀಲಿ ಪಿಸ್ಟ್ (ಸುಲಭದ ಇಳಿಜಾರು) ಇಳಿದು ಬನ್ನಿ.

ಫಾಶಿಂಗ್ ವಾರ ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ನಿಮ್ಮ ಬವೇರಿಯಾ ರಾಜ್ಯದ ಅರ್ಧ ಜನ ಅದೇ ವಾರ ಅದೇ ದಾರಿಯಲ್ಲಿ ಹೊರಡುತ್ತಾರೆ. ಶನಿವಾರ ಟಿರೋಲ್ ದಾರಿಯ ಘಾಟಿ ಫೆರ್ನ್‌ಪಾಸ್‌ನಲ್ಲಿ ಕಾರುಗಳ ಸಾಲು ನೋಡಿದರೆ ಸ್ಕೀ ಆಸೆಯೇ ಹೋಗುತ್ತದೆ, ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗು ಇದ್ದರಂತೂ ಕೇಳುವುದೇ ಬೇಡ. ಬೆಲೆಯೂ ಆಗಲೇ ಜಾಸ್ತಿ. ನಿಮ್ಮ ಮಗಳಿಗೆ ಇನ್ನೂ ಶಾಲೆ ಇಲ್ಲ. ಆ ಸ್ವಾತಂತ್ರ್ಯ ಇನ್ನು ಕೆಲವೇ ವರ್ಷ. ಬೇರೆಯವರ ಮಕ್ಕಳ ಕ್ಯಾಲೆಂಡರಿಗೆ ಈಗಲೇ ಯಾಕೆ ಸಿಕ್ಕಿಹಾಕಿಕೊಳ್ಳುತ್ತೀರಿ? ಈಸ್ಟರ್ ರಜೆಗೆ ಮುಂಚೆ, ಮಾರ್ಚ್ ಮಧ್ಯಕ್ಕೆ ಹೋಗಿ. ದಿನ ಉದ್ದವಾಗಿರುತ್ತದೆ, ಹಲ್ಲು ಕಡಿಸುವಷ್ಟು ಚಳಿ ಇರುವುದಿಲ್ಲ. ಅಮ್ಮನಿಗೆ 90 ದಿನದ ವೀಸಾ ಸಿಕ್ಕರೆ ಆಗಲೂ ಇಲ್ಲೇ ಇರುತ್ತಾರೆ. ಷೆಂಗೆನ್ ವೀಸಾ ಆಸ್ಟ್ರಿಯಾಕ್ಕೂ ನಡೆಯುತ್ತದೆ, ಆದರೆ ಪಾಸ್‌ಪೋರ್ಟ್ ಮರೆಯಬೇಡಿ. ವಾಪಸ್ ಬರುವಾಗ ಜರ್ಮನಿಯ ಗಡಿಯಲ್ಲಿ ತಪಾಸಣೆ ಇರುತ್ತದೆ.

ಮಾರ್ಚ್ ಅಂದರೆ ತಗ್ಗಿನ ಹಳ್ಳಿಗಳಲ್ಲಿ ಹಿಮ ನಂಬುವ ಹಾಗಿಲ್ಲ. ಸ್ವಲ್ಪ ಎತ್ತರದ ಊರು ನೋಡಿ. ನಾನಾದರೆ ಸೆರ್‌ಫೌಸ್ ಆರಿಸುತ್ತೇನೆ. ಊರೇ 1,400 ಮೀಟರಿಗಿಂತ ಮೇಲಿದೆ, ಇಳಿಜಾರುಗಳು 2,800 ಮೀಟರ್‌ವರೆಗೂ ಹೋಗುತ್ತವೆ. ಪುಟ್ಟ ಮಕ್ಕಳ ಕುಟುಂಬಗಳಿಗಾಗಿಯೇ ಬೆಳೆದ ಊರು ಅದು. ಊರೊಳಗೆ ಕಾರು ಓಡಾಟ ಕಡಿಮೆ ಮಾಡಲು 1985ರಲ್ಲೇ ನೆಲದಡಿ ಒಂದು ಪುಟ್ಟ ರೈಲು ಹಾಕಿದ್ದಾರೆ. ಅಷ್ಟು ಸಣ್ಣ ಹಳ್ಳಿಗೆ ಮೆಟ್ರೋ! ಮಗಳಿಗೆ ಸ್ಕೀಗಿಂತ ಅದೇ ಇಷ್ಟವಾದರೆ ಬೇಜಾರು ಮಾಡಿಕೊಳ್ಳಬೇಡಿ. ಗೆಳೆಯರು ಮುನಿಸಿಕೊಂಡರೆ ಫೆಬ್ರವರಿಯಲ್ಲಿ ಒಂದು ಭಾನುವಾರ ಅವರ ಜೊತೆ ಹತ್ತಿರದ ಸ್ಕೀ ಊರು ಲೆಂಗ್ರೀಸ್‌ಗೆ ಹೋಗಿ ಬನ್ನಿ. ಮ್ಯೂನಿಕ್‌ನಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಮಗಳು, ಅಮ್ಮ ಇಬ್ಬರೂ ಹಿಮದಲ್ಲಿ ಹೇಗಿರುತ್ತಾರೆ ಅಂತ ದೊಡ್ಡ ಖರ್ಚಿಗೆ ಮುಂಚೆಯೇ ಗೊತ್ತಾಗುತ್ತದೆ.

ಶಿಶುಪಾಲನೆಯ ಬಗ್ಗೆ: ಅದು ಕೆಟ್ಟದ್ದಲ್ಲ, ನಿಮ್ಮ ಮಗಳಿಗೆ ಈಗ ಹೊಂದುವುದು ಕಷ್ಟ. ಕೀಟಾಗೆ (ಅಲ್ಲಿನ ಶಿಶುವಿಹಾರಕ್ಕೆ) ಸೇರಿಸುವಾಗ ವಾರಗಟ್ಟಲೆ ಐನ್‌ಗೆವ್ಯೋನುಂಗ್, ಅಂದರೆ ಒಗ್ಗಿಸುವ ಕೆಲಸ, ಮಾಡಿಸುತ್ತಾರೆ. ಮೊದಲು ನೀವು ಜೊತೆಗೆ ಕೂರಬೇಕು, ಆಮೇಲೆ ಹತ್ತು ನಿಮಿಷ ಹೊರಗೆ, ಆಮೇಲೆ ಅರ್ಧ ಗಂಟೆ. ಸ್ಕೀ ಊರಿನಲ್ಲಿ ಅದೇ ಮಗುವನ್ನು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲಲ್ಲಿ ಕೊಟ್ಟು ಓಡಬೇಕು. ಅವಳು ಒಗ್ಗಿಕೊಳ್ಳುವ ಹೊತ್ತಿಗೆ ಶುಕ್ರವಾರ ಬಂದಿರುತ್ತದೆ. ಪ್ರಯತ್ನ ಮಾಡುವುದಾದರೆ ಒಂದು ಗಂಟೆಗೆ ಬಿಡಿ, ಮತ್ತು ಆ ಒಂದು ಗಂಟೆ ಬೆಟ್ಟ ಹತ್ತದೆ ಪಕ್ಕದ ಕೆಫೆಯಲ್ಲಿ ಕೂತಿರಿ. ಬುಕ್ ಮಾಡುವ ಮುಂಚೆ ಕೇಳಿಕೊಳ್ಳಿ: ಎಷ್ಟನೇ ವಯಸ್ಸಿನಿಂದ ತಗೊಳ್ಳುತ್ತಾರೆ, ಡೈಪರ್ ಹಾಕುವ ಮಕ್ಕಳನ್ನು ಸೇರಿಸುತ್ತಾರಾ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು, ಮಲಗಲು ಬೇರೆ ಕೋಣೆ ಇದೆಯಾ. ಸ್ಕೀ ಕಿಂಡರ್‌ಗಾರ್ಟನ್ ಅಂತ ಬೋರ್ಡ್ ಹಾಕಿದ ಬಹಳ ಕಡೆ ಮೂರು ವರ್ಷ ತುಂಬದೆ ಒಳಗೇ ಬಿಡುವುದಿಲ್ಲ.

ಅತ್ತೆಗೆ ಏನು ಹೇಳಬೇಕು? ಚಳಿಯ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅದನ್ನು ಒಪ್ಪಿಕೊಳ್ಳಿ. ಓಡಾಡುವ ಮಗುವಿಗೆ ಚಳಿ ಅಷ್ಟಾಗಿ ತಾಗುವುದಿಲ್ಲ, ಸ್ಲೆಡ್ಜಿನಲ್ಲೋ ಪ್ರಾಮಿನಲ್ಲೋ ಸುಮ್ನೆ ಕೂತ ಮಗು ಬೇಗ ತಣ್ಣಗಾಗುತ್ತದೆ, ಚಳಿ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ಆಗಾಗ ಕತ್ತಿನ ಹಿಂದೆ ಕೈಯಿಟ್ಟು ನೋಡಿ, ಬೆರಳು ನೋಡಿ, ಮುಕ್ಕಾಲು ಗಂಟೆಗೊಮ್ಮೆ ಒಳಗೆ ಕರೆದುಕೊಂಡು ಬನ್ನಿ. ಬಿಸಿಲು ಇನ್ನೊಂದು ತೊಂದರೆ. ಸಾವಿರ ಮೀಟರ್ ಮೇಲೇರಿದರೆ ಯುವಿ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಅದರಲ್ಲಿ ಶೇ 80ರವರೆಗೂ ವಾಪಸ್ ಮುಖಕ್ಕೆ ಎಸೆಯುತ್ತದೆ. ಕನ್ನಡಕ, ಸನ್‌ಕ್ರೀಮ್ ಬೇಕೇಬೇಕು. ಗೊಂಡೊಲಾ ಏರುವಾಗ ಕಿವಿ ನೋಯದಂತೆ ನೀರು ಕುಡಿಸುತ್ತಿರಿ. ಕಾರಿನಲ್ಲಿ ದಪ್ಪ ಜಾಕೆಟ್ ಬಿಚ್ಚಿಯೇ ಸೀಟ್‌ಬೆಲ್ಟ್ ಹಾಕಿ, ಇಲ್ಲದಿದ್ದರೆ ಬೆಲ್ಟು ಮೈಗೆ ಕೂರುವುದಿಲ್ಲ. ಯಾರೋ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಸ್ಕೀ ಮಾಡುವ ವಿಡಿಯೋ ತೋರಿಸಿದರೆ ಗಂಡನಿಗೆ ನೇರವಾಗಿ ಬೇಡ ಅನ್ನಿ. ಅದರಲ್ಲಿ ಚರ್ಚೆಯೇ ಇಲ್ಲ.

ಇಷ್ಟನ್ನು ಅತ್ತೆಗೆ ಹೇಳಿ, ಅಲ್ಲಿಗೆ ನಿಲ್ಲಿಸಿ. "ಆಸೆ ತಡ್ಕೊಳ್ಳೋಕೆ ಆಗಲ್ವಾ" ಅನ್ನುವ ಮಾತಿಗೆ ಉತ್ತರ ಕೊಡುವ ಕೆಲಸ ನಿಮ್ಮದಲ್ಲ. ಮಗನ ಆಸೆ ಬಗ್ಗೆ ಅವರು ಆ ಪ್ರಶ್ನೆ ಕೇಳಿಲ್ಲ, ಅಲ್ವಾ? ಹಾಗಾಗಿ ಆ ಫೋನ್ ನಿಮ್ಮ ಗಂಡನೇ ಮಾಡಲಿ. "ಹೋಗೋಣ ಅಂತ ಹೊರಟಿದ್ದು ನಾನಮ್ಮ" ಅಂತ ಅವರ ಬಾಯಿಂದ ಬಂದರೆ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತದೆ.

ಇನ್ಶೂರೆನ್ಸ್ ಒಂದು ಮರೆಯಬೇಡಿ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚನ್ನು ನಿಮ್ಮ ಕ್ರಾಂಕೆನ್‌ಕಾಸೆ (ಜರ್ಮನಿಯ ಆರೋಗ್ಯ ವಿಮೆ) ಕೊಡುತ್ತದೆ ಅಂತ ಅಂದುಕೊಳ್ಳಬೇಡಿ, ಬೇರೆ ಪಾಲಿಸಿ ಮಾಡಿಸಿ. ಅಮ್ಮನ ವೀಸಾಕ್ಕೆ ಹೇಗೂ ಕನಿಷ್ಠ 30,000 ಯೂರೋದ ಪಾಲಿಸಿ ಬೇಕು. ಮಾಡಿಸುವಾಗ ಬಿಪಿ, ಶುಗರ್ ಇದ್ದರೆ ಅದಕ್ಕೆ ಏನು ಷರತ್ತು ಅಂತ ಓದಿಯೇ ದುಡ್ಡು ಕಟ್ಟಿ.

ಮಗಳಿಗೆ ಸ್ಕೀ ಕೊಳ್ಳಬೇಡಿ. ಎರಡು ವರ್ಷದ ಕಾಲಿಗೆ ಆ ಬೂಟು ಭಾರ, ಹತ್ತು ನಿಮಿಷದಲ್ಲಿ ಬಿಚ್ಚು ಅಂತ ಅಳುತ್ತಾಳೆ. ತೀರಾ ಆಸೆಯಾದರೆ ಅಲ್ಲೇ ಒಂದು ದಿನಕ್ಕೆ ಬಾಡಿಗೆ ತಗೊಂಡು ಫೋಟೋ ತೆಗೆಸಿ. ಒಂದು ಸ್ಲೆಡ್ಜ್, ಬಕೆಟ್ಟು, ಸಲಿಕೆ ಸಾಕು. ಸ್ನೋಸೂಟನ್ನು ಮಾತ್ರ ಹಳೆ ಸಾಮಾನಿನ ಫ್ಲೀ ಮಾರ್ಕೆಟಿನಲ್ಲಿ ಹುಡುಕಿ, ಹೊಸದಕ್ಕೆ ದುಡ್ಡು ಹಾಕಬೇಡಿ. ಮುಂದಿನ ಚಳಿಗಾಲಕ್ಕೆ ಅದು ಆಗುವುದಿಲ್ಲ. ಕೈಗವಸು ಎರಡು ಜೊತೆ ಇರಲಿ, ಒಂದು ಗೊಂಡೊಲಾದಲ್ಲಿ ಕಳೆದೇ ಕಳೆಯುತ್ತದೆ.