ಡೌನ್‌ಟನ್ ಆ್ಯಬಿಯ ಡೈಲಾಗ್ ಬಾಯಿಪಾಠ ಮಾಡಬೇಡಿ

ಈ ಸಲವೂ ಪತ್ರಗಳ ಕಟ್ಟಿನಲ್ಲಿ ಅದೇ ಪ್ರಶ್ನೆ. ಹೆಸರು ಬೇರೆ, ಊರು ಬೇರೆ, ಕೇಳಿದ್ದು ಒಂದೇ: ಬ್ರಿಟಿಷರ ಹಳೇ ಕಾಲದ ಸೀರಿಯಲ್ ನೋಡಿ ಇಂಗ್ಲಿಷ್ ಪದ ಕಲಿಯುವುದು ಹೇಗೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಒಂದು ಪತ್ರಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು.

ಪ್ರಶ್ನೆ: ‘ಡೌನ್‌ಟನ್ ಆ್ಯಬಿ’ಯ ಆರೂ ಸೀಸನ್ ನೋಡಿ ನೋಟ್‌ಬುಕ್ ತುಂಬ ಪದ ಬರೆದುಕೊಂಡೆ. ಮ್ಯಾನೇಜರಿಗೆ ‘ಐ ಶುಡ್ ಬಿ ಮೋಸ್ಟ್ ಆಬ್ಲೈಜ್ಡ್’ ಅಂತ ಮೇಲ್ ಹಾಕಿದೆ. ಟೀಮಿನವರು ಇವತ್ತಿಗೂ ನಗುತ್ತಾರೆ. ನಾನು ಎಲ್ಲಿ ಎಡವಿದೆ?

ಮದುವೆ ಸೀರೆ ಉಟ್ಟು ಸಂತೆಗೆ ಹೋದರೆ ಜನ ನಗದೆ ಇರುತ್ತಾರಾ? ‘ತುಂಬಾ ಋಣಿಯಾಗಿರುತ್ತೇನೆ’ ಅನ್ನುವುದನ್ನು ಹಳೇ ಕಾಲದ ದೊಡ್ಡಮನೆ ಧಾಟಿಯಲ್ಲಿ ಹೇಳಿದ್ದೀರಿ. ಪದ ತಪ್ಪಲ್ಲ, ಜಾಗ ತಪ್ಪು.

ಆ ಕಥೆ ಶುರುವಾಗುವುದು 1912ರಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿಯಿಂದ. ಅಲ್ಲಿ ಮಾತಾಡುವವರು ಒಬ್ಬ ಅರ್ಲ್‌ನ, ಅಂದರೆ ಬಿರುದಿರುವ ದೊಡ್ಡ ಮನೆತನದ ಯಜಮಾನನ, ಮನೆಯವರು ಮತ್ತು ಅವರ ಆಳುಗಳು. ಯಾರು ಯಾರಿಗೆ ‘ಮೈ ಲಾರ್ಡ್’ ಅನ್ನಬೇಕು, ಯಾರನ್ನು ಬರೀ ಸರ್‌ನೇಮಿನಿಂದ ಕರೆಯಬೇಕು ಅನ್ನುವುದೆಲ್ಲ ಅಂತಸ್ತಿನ ಲೆಕ್ಕ. ಅರ್ಲ್‌ನ ತಾಯಿ, ಹಿರಿಯ ಕೌಂಟೆಸ್, ‘ವಾಟ್ ಈಸ್ ಎ ವೀಕೆಂಡ್?’ ಅಂತ ಕೇಳುತ್ತಾಳಲ್ಲ, ಅಲ್ಲಿ ನಗು ಬರುವುದು ಪದಕ್ಕಲ್ಲ. ದುಡಿಯುವ ಅಗತ್ಯವೇ ಇಲ್ಲದವಳಿಗೆ ಶನಿವಾರವೂ ಒಂದೇ, ಮಂಗಳವಾರವೂ ಒಂದೇ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದು ‘ವೀಕೆಂಡ್ ಅಂದರೆ ವಾರದ ಕೊನೆ’ ಅಂತ ಕೂತಿರುತ್ತದೆ, ಅಷ್ಟೇ.

ಹೋಗಲಿ, ಅದು ಅಚ್ಚ 1912ರ ಇಂಗ್ಲಿಷಾ? ಅದೂ ಅಲ್ಲ. ಅರ್ಲ್‌ನ ವಾರಸುದಾರ ಮ್ಯಾಥ್ಯೂ ಒಂದು ಕಡೆ ‘ಸ್ಟೀಪ್ ಲರ್ನಿಂಗ್ ಕರ್ವ್’ ಅನ್ನುತ್ತಾನೆ, ಅಂದರೆ ಸ್ವಲ್ಪ ದಿನದಲ್ಲಿ ತುಂಬ ಕಲಿಯಬೇಕಾಗಿದೆ ಅಂತ. ಆ ಅರ್ಥದಲ್ಲಿ ಜನ ಅದನ್ನು ಬಳಸತೊಡಗಿದ್ದು ಎಷ್ಟೋ ದಶಕ ಆದಮೇಲೆ. ಭಾಷೆ ಬಲ್ಲವರು ಅಲ್ಲೇ ಹಿಡಿದರು. ಪೂರ್ತಿ ಹಳೆಯದೂ ಅಲ್ಲ, ಪೂರ್ತಿ ಇವತ್ತಿನದೂ ಅಲ್ಲ. ಟಿವಿಗಾಗಿ ಹೆಣೆದ ಭಾಷೆ ಅದು. ಹಳೇ ಇಂಗ್ಲಿಷೇ ಬೇಕಿದ್ದರೆ ನಮ್ಮ ಆಫೀಸು ಪತ್ರಗಳ ‘ಡೂ ದ ನೀಡ್‌ಫುಲ್’ ಸಾಲದಾ?

ಈಗ ಕೆಲಸಕ್ಕೆ ಬರುವ ಮಾತು. ಡೈಲಾಗ್ ಬಿಡಿ. ಅದೇ ಸೀರಿಯಲ್ಲನ್ನು ಹೇಗೆ ತಯಾರಿಸಿದರು ಅಂತ ತೋರಿಸುವ ವಿಡಿಯೋ ನೋಡಿ. ಬಟ್ಟೆ ಹೊಲಿಯುವವರು, ಸೆಟ್ ಹಾಕುವವರು, ಕ್ಯಾಮೆರಾದವರು ಅಲ್ಲಿ ಮಾತಾಡುತ್ತಾರೆ. ಅವರದ್ದು ಈ ಕಾಲದ ಇಂಗ್ಲಿಷ್. ಯಾರೂ ಬರೆದುಕೊಟ್ಟದ್ದಲ್ಲ, ಮಧ್ಯೆ ತಡವರಿಸುತ್ತಾರೆ, ಹೇಳಿದ್ದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಲಾಭ ಏನೆಂದರೆ, ಮಾತಾಡುವ ವಸ್ತು ಅವರ ಕೈಯಲ್ಲೇ ಇರುತ್ತದೆ. ಡಿಕ್ಷನರಿ ನೋಡುವ ಮೊದಲೇ ಅರ್ಥ ಅರ್ಧ ಹೊಳೆದಿರುತ್ತದೆ.

ಒಂದು ಉದಾಹರಣೆ. ಡೌನ್‌ಟನ್‌ನಲ್ಲಿ ಅರ್ಲ್ ಮನೆಯವರಿರುವ ಮೇಲಿನ ಭಾಗವನ್ನು ಹೆಚ್ಚಾಗಿ ತೆಗೆದದ್ದು ಹ್ಯಾಂಪ್‌ಶೈರ್‌ನ ಹೈಕ್ಲಿಯರ್ ಕ್ಯಾಸಲ್‌ನಲ್ಲಿ. ಕೆಳಗಿನ ಅಡುಗೆಮನೆ, ಆಳುಗಳ ಹಾಲ್ ಎಲ್ಲ ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಅಂದರೆ ಫುಟ್‌ಮನ್, ಊಟ ಬಡಿಸುವ ಆಳು, ತಟ್ಟೆ ಹಿಡಿದು ಹೊರಡುವುದು ಒಂದೂರಿನಲ್ಲಿ, ಊಟದ ಮೇಜಿಗೆ ಬಡಿಸುವುದು ಇನ್ನೊಂದೂರಿನಲ್ಲಿ, ಬೇರೆ ದಿನ. ಆದರೂ ಅದೇ ತಟ್ಟೆ, ಅದೇ ಸಾಸ್, ಕೈಗವಸಿನ ಗುಂಡಿಯೂ ಹಾಗೇ ಇರಬೇಕು. ಇದನ್ನು ವಿವರಿಸುವವರ ಬಾಯಲ್ಲಿ ಏನೇನು ಬರುತ್ತದೆ ನೋಡಿ: ಎರಡು ಶಾಟ್ ‘ಮ್ಯಾಚ್’ ಆಗಬೇಕು, ‘ಕಂಟಿನ್ಯುಟಿ’ ಕಾಪಾಡಬೇಕು, ‘ಕೀಪ್ ಟ್ರ್ಯಾಕ್ ಆಫ್’ ಮಾಡಬೇಕು, ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಪಾರಾದರೆ ‘ಗೆಟ್ ಅವೇ ವಿತ್ ಇಟ್’ ಅನ್ನಬಹುದು. ಇದರಲ್ಲಿ ನಿಮ್ಮ ಆಫೀಸಿಗೆ ಬಾರದ ಮಾತು ಯಾವುದು? ಇನ್ವಾಯ್ಸ್ ಮ್ಯಾಚ್ ಆಗಬೇಕು, ಖರ್ಚಿನ ಟ್ರ್ಯಾಕ್ ಇಡಬೇಕು, ಅಲ್ವಾ?

ಬಟ್ಟೆ ವಿಭಾಗ ಇನ್ನೂ ಚೆನ್ನ. ಹಳೇ ಕಾಲದ ಅಸಲಿ ಬಟ್ಟೆ ಮುಟ್ಟಿದರೆ ಹರಿಯುತ್ತದೆ. ಅದಕ್ಕೆ ವೇಷಭೂಷಣ ಬಾಡಿಗೆಗೆ ಕೊಡುವ, ಲಂಡನ್ನಿನ ಕಾಸ್‌ಪ್ರಾಪ್‌ನಂಥ ಕಡೆಯಿಂದ ‘ಹೈರ್’ ಮಾಡುತ್ತಾರೆ, ಇಲ್ಲವೇ ಹಳೇ ಲೇಸನ್ನು ‘ಸೋರ್ಸ್’ ಮಾಡಿ ಹೊಸ ಗೌನಿಗೆ ಹಚ್ಚುತ್ತಾರೆ. ರೈತನ ಕೋಟು ಹೊಸದಾಗಿ ಕಂಡರೆ ಅದನ್ನು ‘ಬ್ರೇಕ್ ಡೌನ್’ ಮಾಡುತ್ತಾರೆ. ಮರಳು ಕಾಗದದಿಂದ ಉಜ್ಜುತ್ತಾರೆ, ಚೀಸ್ ತುರಿಯುವ ಮಣೆಯಿಂದ ಕೆರೆಯುತ್ತಾರೆ, ಟೀ ನೀರಿನಲ್ಲಿ ಅದ್ದುತ್ತಾರೆ. ಗಾಡಿ ಕೆಟ್ಟು ನಿಲ್ಲುವುದಕ್ಕೂ ಬ್ರೇಕ್ ಡೌನ್, ಲೆಕ್ಕ ಬಿಡಿಸಿ ಕೊಡುವುದಕ್ಕೂ ಬ್ರೇಕ್ ಡೌನ್, ಕೋಟನ್ನು ಹಳೇದು ಮಾಡುವುದಕ್ಕೂ ಅದೇ. ಗೊತ್ತಿರುವ ಪದವೇ ಹೊಸ ಕೆಲಸಕ್ಕೆ ಬರುವುದನ್ನು ಹೀಗೆ ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಅಪರೂಪದ ಪದ ಹುಡುಕುತ್ತಾ ಕೂರುವವರಿಗೆ ಇದು ಮಾತ್ರ ತಲೆಗೇ ಹೋಗುವುದಿಲ್ಲ.

‘ಅನಾಕ್ರನಿಸಂ’ ಅನ್ನುವ ದೊಡ್ಡ ಪದ ಬೇಕೇ ಬೇಕಾ? ಅದಕ್ಕೂ ಕಥೆಯಿದೆ. 2014ರಲ್ಲಿ ಡೌನ್‌ಟನ್‌ನ ಒಂದು ಪ್ರಚಾರದ ಫೋಟೋದಲ್ಲಿ, ಹಜಾರದ ಬೆಂಕಿಗೂಡಿನ ಮೇಲಿನ ಹಲಗೆ ಮೇಲೆ, ಪ್ಲಾಸ್ಟಿಕ್ ನೀರಿನ ಬಾಟಲಿ ಕಾಣಿಸಿತು. ಆ ಸೀಸನ್ನಿನ ಕಥೆ ನಡೆಯುವುದು 1920ರ ದಶಕದಲ್ಲಿ! ಊರೆಲ್ಲ ನಕ್ಕಮೇಲೆ ಕಲಾವಿದರೇ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಇನ್ನೊಂದು ಫೋಟೋ ತೆಗೆಸಿಕೊಂಡರು, ಶುದ್ಧ ನೀರಿಗಾಗಿ ದುಡಿಯುವ ವಾಟರ್‌ಏಡ್ ಸಂಸ್ಥೆಗೆ ಜನರ ಗಮನ ಹರಿಯಲಿ ಅಂತ. ಆ ಬಾಟಲಿಯೇ ಅನಾಕ್ರನಿಸಂ. ಇನ್ನು ಅರ್ಥ ಬರೆದುಕೊಳ್ಳಬೇಡಿ.

ಕಲಿಯುವ ಕ್ರಮ ಸರಳ. ಐದು ನಿಮಿಷದ ತುಣುಕು ಸಾಕು. ಮೊದಲು ಸುಮ್ನೆ ನೋಡಿ. ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ನೋಡಿ. ಒಂಟಿ ಪದ ಬರೆಯಬೇಡಿ, ಅದು ಬಂದ ಇಡೀ ವಾಕ್ಯ ಬರೆಯಿರಿ. ಕೊನೆಗೆ ವಿಡಿಯೋ ನಿಲ್ಲಿಸಿ, ನಿಮ್ಮೂರ ಜಾತ್ರೆ ನಾಟಕಕ್ಕೆ ಸ್ಟೇಜ್ ಹೇಗೆ ಕಟ್ಟಿದರು, ಸೀನರಿ ಎಲ್ಲಿಂದ ಬಾಡಿಗೆಗೆ ತಂದರು ಅಂತ ಅವೇ ಮಾತು ಬಳಸಿ ಜೋರಾಗಿ ಹೇಳಿ. ಈ ಕೊನೆಯ ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ. ಆಮೇಲೆ ನನಗೆ ಪತ್ರ ಬರೆಯುತ್ತಾರೆ.

ಒಂದು ಎಚ್ಚರಿಕೆ. ‘ಗ್ಯಾಫರ್’, ‘ಬೆಸ್ಟ್ ಬಾಯ್’, ‘ಗ್ರಿಪ್’ ಎಲ್ಲ ಶೂಟಿಂಗಿನವರ ಒಳಮಾತು. ಕೇಳಿ ಖುಷಿಪಡಿ, ಕಲಿಯಲು ಕೂರಬೇಡಿ.

ಪ್ರಶ್ನೆ: ಬ್ರಿಟಿಷ್ ಆ್ಯಕ್ಸೆಂಟ್ 30 ದಿನದಲ್ಲಿ ಬರುತ್ತದೆ ಅಂತ ಜಾಹೀರಾತು ನೋಡಿದೆ. ಸೇರಲಾ?

ಬೇಡ. ಯಾವ ಬ್ರಿಟಿಷ್ ಆ್ಯಕ್ಸೆಂಟ್ ಅಂತ ಅವರನ್ನೇ ಕೇಳಿ ನೋಡಿ. ಅದೇ ಸೀರಿಯಲ್ಲಿನ ಅರ್ಲ್‌ನ ಉಚ್ಚಾರ ಒಂದು, ಅಡುಗೆಮನೆಯ ಡೇಸಿಯದು ಇನ್ನೊಂದು. ಆ ವ್ಯತ್ಯಾಸವೇ ಗೊತ್ತಿಲ್ಲದವರು ‘ರಾಯಲ್ ಇಂಗ್ಲಿಷ್’ ಅಂತ ಪಿಡಿಎಫ್ ಮಾರುತ್ತಾರೆ. ದುಡ್ಡು ಕಳ್ಳನಿಗೆ ಕೊಟ್ಟರೂ ಕೊಟ್ಟೀರಿ, ಇವರಿಗೆ ಬೇಡ.

ಪ್ರಶ್ನೆ: ದಿನಕ್ಕೆ 50 ಪದ ಕಲಿಸುವ ಆ್ಯಪ್ ಒಳ್ಳೆಯದಾ?

ದಿನಕ್ಕೆ 50 ಪದ ಮರೆಯುವುದಕ್ಕೆ ಒಳ್ಳೆಯದು.

ಪ್ರಶ್ನೆ: ಸಬ್‌ಟೈಟಲ್ ಕನ್ನಡದಲ್ಲಿ ಇದ್ದರೆ ಸುಲಭ ಅಲ್ವಾ?

ಕಥೆ ತಿಳಿಯಲು ಸುಲಭ. ಕಣ್ಣು ಕನ್ನಡ ಓದುತ್ತದೆ, ಕಿವಿ ಮಲಗುತ್ತದೆ. ಇನ್ನು ಕಂಪ್ಯೂಟರ್ ತಾನಾಗಿಯೇ ಹಾಕುವ ಇಂಗ್ಲಿಷ್ ಸಬ್‌ಟೈಟಲನ್ನು ಪೂರ್ತಿ ನಂಬಬೇಡಿ. ಹಳೇ ಪದ, ಊರಿನ ಹೆಸರು ಬಂದಾಗ ಬಾಯಿಗೆ ಬಂದದ್ದು ಬರೆಯುತ್ತದೆ.

ಪ್ರಶ್ನೆ: ಮಗಳು 8ನೇ ಕ್ಲಾಸು. ‘ದ ಕ್ರೌನ್’ ತೋರಿಸಿದರೆ ಇಂಗ್ಲಿಷ್ ಸುಧಾರಿಸುತ್ತದಾ?

ಅದು ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಕಥೆ, ದೊಡ್ಡವರ ಸೀರಿಯಲ್. ಆ ವಯಸ್ಸಿಗೆ ನಾನು ತೋರಿಸುವುದಿಲ್ಲ. ‘ಮಾಲ್ಗುಡಿ ಡೇಸ್’ ತೋರಿಸಿ. ಶಂಕರ್ ನಾಗ್ ಅದರ ಕೆಲವು ಕಂತುಗಳನ್ನು ಇಂಗ್ಲಿಷಿನಲ್ಲೂ ತೆಗೆದಿದ್ದಾರೆ. ಆಗುಂಬೆಯನ್ನು ಮಾಲ್ಗುಡಿ ಮಾಡಿದರು. ಸ್ಟೇಷನ್ ಬೇಕಾದಾಗ ಅರಸಾಳಿಗೆ ಹೋದರು. ಆ ಹಳೇ ಸ್ಟೇಷನ್ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್ ‘ದ ಕ್ರೌನ್’ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ‘ಡಬಲ್’ ಆದ ಹಾಗೆ, ಅರಸಾಳು ಮಾಲ್ಗುಡಿ ಸ್ಟೇಷನ್ನಿಗೆ ‘ಡಬಲ್’ ಆಯಿತು, ಅಂದರೆ ಒಂದು ಜಾಗ ಇನ್ನೊಂದರ ವೇಷ ಹಾಕಿತು. ರಜೆಯಲ್ಲಿ ಒಮ್ಮೆ ಮಗಳನ್ನು ಆಗುಂಬೆಗೆ ಕರೆದುಕೊಂಡು ಹೋಗಿ. ಈಗಿನ ಆಗುಂಬೆಯನ್ನು ಮತ್ತೆ ಹಳೇ ಮಾಲ್ಗುಡಿ ಮಾಡಬೇಕಾದರೆ ಯಾವ ಬೋರ್ಡು ತೆಗೆಯಬೇಕು, ಯಾವ ವೈರು ಮುಚ್ಚಬೇಕು, ರಸ್ತೆಗೆ ಎಷ್ಟು ಮಣ್ಣು ಸುರಿಯಬೇಕು ಅಂತ ಇಂಗ್ಲಿಷಿನಲ್ಲಿ ಹೇಳಲು ಬಿಡಿ. ಮಧ್ಯೆ ತಿದ್ದಬೇಡಿ.